ಮಕ್ಕಳೊಡನೆ ದುಡಿದ ತಂದೆ: ಗಾನಯೋಗಿ ಪಂಚಾಕ್ಷರಿ ಗವಾಯಿಗಳು

ಗದುಗು ಎಂದೊಡನೆ ಕನ್ನಡಿಗರಿಗೆ ಮೊದಲು ನೆನಪಾಗುವವನು ಕುಮಾರವ್ಯಾಸ. ತರುವಾಯ ನೆನಪಾಗುವುದು ಸಂಗೀತ. ಗದಗ-ಬೆಟಗೇರಿಯ ವೀರೇಶ್ವರ ಪುಣ್ಯಾಶ್ರಮದ ಹೆಸರನ್ನು ಕೇಳದ ಸಂಗೀತಪ್ರೇಮಿ ಈ ನಾಡಿನಲ್ಲಿ ವಿರಳ. ಆ ಆಶ್ರಮದ ಮೂಲಪುರುಷರಾದ ಪಂಚಾಕ್ಷರಿ ಗವಾಯಿಗಳು ಹಿಂದುಸ್ತಾನಿ ಹಾಗೂ ಕರ್ನಾಟಕ ಪದ್ಧತಿಗಳೆರಡರಲ್ಲಿಯೂ ಸಮಾನ ಪ್ರಭುತ್ವ ಪಡೆದವರೆಂದು ಖ್ಯಾತರಾದವರು. 1995ರಲ್ಲಿ ಅವರ ಜೀವನವನ್ನು ಕುರಿತ ಚಲನಚಿತ್ರ ತೆರೆಗೆ ಬಂದು, ಅದರ ಸಂಗೀತಕ್ಕೂ ಗಾಯನಕ್ಕೂ ರಾಷ್ಟ್ರಪ್ರಶಸ್ತಿಗಳು ಸಂದುವು. ಹೀಗೆ ಗಾಯಕರೆಂದು, ಯೋಗಿಗಳೆಂದು, ಗುರುಗಳೆಂದು ಅವರನ್ನು ನಾಡು ಬಲ್ಲದು. ಆದರೆ ಅವರ ಬಾಳಿನಲ್ಲಿ ಇನ್ನೊಂದು ಮುಖವಿದೆ. ಅದು ತಂದೆಯ ಮುಖ. ಮದುವೆಯಾಗದೆ, ಮನೆ ಕಟ್ಟದೆ, ಕಣ್ಣಿಲ್ಲದ ಮಕ್ಕಳನ್ನೂ ದಿಕ್ಕಿಲ್ಲದ ಮಕ್ಕಳನ್ನೂ ಮಡಿಲಿಗೆ ಹಾಕಿಕೊಂಡು, ಅವರ ಹೊಟ್ಟೆಗೆ ಹಿಟ್ಟು ಕಾಣಿಸಲೆಂದು ಊರೂರು ಅಲೆದು ದುಡಿದ ತಂದೆಯ ಮುಖ. ಈ ಲೇಖನ ಆ ಮುಖವನ್ನು ಕುರಿತದ್ದು.

ಅಂಗವಿಕಲ ಮಗುವೊಂದು ಹುಟ್ಟಿದ ಬಡ ಮನೆಯಲ್ಲಿ ತೊಟ್ಟಿಲ ದಿನಗಳು ಕಳೆಯುತ್ತಲೇ ಒಂದು ಪ್ರಶ್ನೆ ತಲೆಯೆತ್ತುತ್ತದೆ. ಮಗುವಿನ ಬಳಿ ಇರುವವರಾರು, ಹೊಲಕ್ಕೆ ಹೋಗುವವರಾರು? ಉಳಿದ ಮಕ್ಕಳು ನಾಲ್ಕೈದು ವರ್ಷಕ್ಕೆ ತಮ್ಮ ಪಾಡಿಗೆ ತಾವು ಆಡಿಕೊಳ್ಳುತ್ತವೆ. ತಾಯಿ ಮತ್ತೆ ಕುಡುಗೋಲು ಹಿಡಿಯುತ್ತಾಳೆ. ಕಣ್ಣಿಲ್ಲದ ಕೂಸನ್ನು ಹಾಗೆ ಬಿಡಲಾಗದು. ಬಾವಿ ಇದೆ, ಒಲೆ ಇದೆ, ದನ ಇದೆ, ಬೀದಿ ಇದೆ. ಆದುದರಿಂದ ಮನೆಯಲ್ಲಿ ದುಡಿಯುವ ಎರಡು ಕೈ ಕಟ್ಟಿಹೋಗುತ್ತವೆ. ಉಣ್ಣುವ ಬಾಯಿಗಳು ಮಾತ್ರ ಕಡಿಮೆಯಾಗವು. ಮಳೆಯನ್ನೇ ನಂಬಿದ ಸೀಮೆಯಲ್ಲಿ ಇದರ ಅರ್ಥವೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಂಚಾಕ್ಷರಿ ಗವಾಯಿಗಳು ಹುಟ್ಟಿದ್ದು ಇಂಥ ಪ್ರಶ್ನೆಯ ನಡುವೆಯೇ. ಮುಂದೆ ಅದಕ್ಕೆ ಉತ್ತರ ಹುಡುಕುತ್ತಲೇ ಅವರು ಬಾಳಿದರು.

ಅವರು ಜನಿಸಿದುದು 1892ರ ಫೆಬ್ರುವರಿ 2ರಂದು, ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಆ ಕಾಲಕ್ಕೆ ಅದು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿತ್ತು; 1997ರಲ್ಲಿ ಜಿಲ್ಲೆ ಒಡೆದಾಗ ಹಾನಗಲ್ಲ ಹಾವೇರಿಗೆ ಹೋಯಿತು, ಗದಗು ತಾನೇ ಒಂದು ಜಿಲ್ಲೆಯಾಯಿತು. ತಂದೆ ಗುರುಪಾದಯ್ಯನವರು, ತಾಯಿ ನೀಲಮ್ಮನವರು. ಮಗುವಿಗಿಟ್ಟ ಹೆಸರು ಗದಿಗೆಯ್ಯ. ಹುಟ್ಟಿನಿಂದಲೇ ಕಣ್ಣಿನ ಬೆಳಕಿರಲಿಲ್ಲ. ಅಣ್ಣ ಗುರುಬಸಯ್ಯನಿಗೂ ಕಣ್ಣಿರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಅಂಧ ಮಕ್ಕಳು. ಆ ತಾಯ್ತಂದೆಗಳ ಹಗಲಿರುಳುಗಳು ಹೇಗಿದ್ದುವೆಂಬುದನ್ನು ಯಾರೂ ಬರೆದಿಟ್ಟಿಲ್ಲ. ಬಡವರ ಮನೆಯ ದಿನಚರಿಯನ್ನು ಬರೆದಿಡುವವರು ಯಾರು? ಆದರೆ ಹಳ್ಳಿಯ ಬಾಳನ್ನು ಬಲ್ಲ ವಾಚಕರಿಗೆ ಅದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಆ ದಿನಗಳಲ್ಲಿ ಸರಕಾರದ ನೆರವೆಂಬುದು ಇಂಥ ಮನೆಗಳ ಹೊಸ್ತಿಲಿಗೆ ಬಂದಿರಲಿಲ್ಲ. ಬೆರಳಿನಿಂದ ಮುಟ್ಟಿ ಓದುವ ಚುಕ್ಕಿಲಿಪಿಯನ್ನು ಫ್ರಾನ್ಸ್ ದೇಶದ ಲೂಯಿ ಬ್ರೈಲ್ ಎಂಬ ಅಂಧನು 1829ರಷ್ಟು ಹಿಂದೆಯೇ ಪ್ರಕಟಿಸಿದ್ದನು. ಹಿಂದುಸ್ಥಾನದ ಮೊದಲ ಅಂಧರ ಶಾಲೆ 1887ರಲ್ಲಿ ಅಮೃತಸರದಲ್ಲಿ ತೆರೆದಿತ್ತು. ಮೈಸೂರಿನಲ್ಲಿ ಕಿವುಡ ಹಾಗೂ ಅಂಧ ಮಕ್ಕಳ ಶಾಲೆ 1901ರಲ್ಲಿ ಆರಂಭವಾಯಿತು. ಆದರೆ ಅಮೃತಸರವೆಲ್ಲಿ, ಕಾಡಶೆಟ್ಟಿಹಳ್ಳಿಯೆಲ್ಲಿ? ಮೈಸೂರು ಕೂಡ ಬೇರೆ ಅರಸರ ನಾಡು. ಹಾನಗಲ್ಲ ಸೀಮೆಯ ಅಂಧ ಹುಡುಗನ ಮುಂದಿದ್ದ ದಾರಿಗಳು ಎರಡೇ: ಮನೆಯ ಮೂಲೆ, ಇಲ್ಲವೆ ಗುಡಿಯ ಮುಂದಿನ ಕಟ್ಟೆ. ಮೂಲೆಯಲ್ಲಿ ಕುಳಿತರೆ ತಾಯಿ ಅವನೊಡನೆ ಕೂಡಬೇಕು. ಕಟ್ಟೆಗೆ ಹೋದರೆ ಕೈಹಿಡಿದು ನಡೆಸಲು ಇನ್ನೊಂದು ಮಗು ತನ್ನ ಬಾಲ್ಯವನ್ನು ಬಿಡಬೇಕು.

ಈ ಸಹೋದರರಿಗೆ ದೈವವು ಕಂಠವನ್ನು ಕೊಟ್ಟಿತ್ತು. ಅವರ ಹಾಡುಗಾರಿಕೆ ಹಾನಗಲ್ಲ ವಿರಕ್ತಮಠದ ಕುಮಾರಸ್ವಾಮಿಗಳ ಕಿವಿಗೆ ಬಿದ್ದಿತು. 1867ರಲ್ಲಿ ಜನಿಸಿದ ಕುಮಾರಸ್ವಾಮಿಗಳು ಆ ಕಾಲದ ದೊಡ್ಡ ಕರ್ತೃತ್ವಶಾಲಿಗಳು. 1904ರಲ್ಲಿ ವೀರಶೈವ ಮಹಾಸಭೆಯ ಸ್ಥಾಪನೆಗೂ, 1909ರಲ್ಲಿ ಬದಾಮಿಯ ಹತ್ತಿರ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರದ ಸ್ಥಾಪನೆಗೂ ಕಾರಣರಾದವರು. ಅವರು ಹುಡುಗರಿಬ್ಬರನ್ನೂ ಕಂಡು ಮರುಗಿ ಕೈಗೆ ನಾಲ್ಕು ಕಾಸು ಹಾಕಿ ಹೋಗಲಿಲ್ಲ. ಅವರ ಶಿಕ್ಷಣದ ಹೊಣೆಯನ್ನೇ ಹೊತ್ತರು. ದಯೆಗೂ ಹೊಣೆಗೂ ಇರುವ ಅಂತರ ಇದು. ದಯೆ ಒಂದು ದಿನದ್ದು, ಹೊಣೆ ಜೀವಮಾನದ್ದು.

ಮಕ್ಕಳನ್ನು ಮಠಕ್ಕೆ ಒಪ್ಪಿಸುವುದು ತಾಯ್ತಂದೆಗಳಿಗೆ ಹಗುರವಾದ ಮಾತಲ್ಲ. ಹೊರಗಿನವರು ಅದನ್ನು ಭಾರ ಇಳಿಸಿಕೊಂಡರೆಂದು ಆಡಿಕೊಳ್ಳಬಹುದು. ಆದರೆ ತನ್ನ ಕಾಲದ ಮೇಲೆ ಮಗನ ಗತಿಯೇನು ಎಂಬ ಚಿಂತೆ ಅಂಗವಿಕಲ ಮಗುವಿನ ತಾಯಿಯನ್ನು ಬಾಧಿಸಿದಷ್ಟು ಬೇರೆ ಯಾವ ಚಿಂತೆಯೂ ಬಾಧಿಸದು. ಆ ಚಿಂತೆಗೆ ಉತ್ತರವಾಗಿ ಒಂದು ವಿದ್ಯೆ, ಒಂದು ಗುರುಕುಲ, ಒಂದು ಅನ್ನದ ದಾರಿ ಎದುರಿಗೆ ಬಂದು ನಿಂತಾಗ, ಮಗನನ್ನು ಕಳಿಸುವುದೂ ಸಾಕುವಿಕೆಯ ಒಂದು ರೂಪವೇ. ಗದಿಗೆಯ್ಯನ ಬಾಳು ಅದಕ್ಕೆ ಸಾಕ್ಷಿ. ಗುರುಗಳು ಅವನಿಗೆ ಪಂಚಾಕ್ಷರಿ ಎಂಬ ಹೆಸರಿಟ್ಟರು. ನಾಡು ಅವನನ್ನು ಅದೇ ಹೆಸರಿನಿಂದ ಅರಿಯಿತು.

ಸಂಗೀತಾಭ್ಯಾಸ ಎರಡು ಪದ್ಧತಿಗಳಲ್ಲಿಯೂ ನಡೆಯಿತು. ಹಿಂದುಸ್ತಾನಿ ಪದ್ಧತಿಯಲ್ಲಿ ಗ್ವಾಲಿಯರ ಘರಾಣೆಯ ನೀಲಕಂಠಬುವಾ ಮೀರಜಕರ ಅವರಿಂದ ಶಿಕ್ಷಣ ದೊರೆಯಿತು. ಮುಂದೆ ಜಗದ್ವಿಖ್ಯಾತರಾದ ಮಲ್ಲಿಕಾರ್ಜುನ ಮನಸೂರರೂ ಇದೇ ಗುರುಗಳ ಬಳಿ ಕಲಿತವರು. ಮೀರಜಿಗೂ ಈ ಸೀಮೆಗೂ ಇದ್ದ ನಂಟು ಸಂಗೀತದ್ದಷ್ಟೇ ಅಲ್ಲ. ಸೋಮೇಶ್ವರನ ಪುರಾತನ ಪುಲಿಗೆರೆಯಾದ ಲಕ್ಷ್ಮೇಶ್ವರವು ಆಗ ಮೀರಜ ಸಂಸ್ಥಾನಕ್ಕೆ ಸೇರಿತ್ತು. ಫಕೀರೇಶ್ವರರ ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಗದಗು ಮುಂಡರಗಿಗಳು ಇಂಗ್ಲಿಷರ ಆಡಳಿತದಲ್ಲಿದ್ದುವು. ಒಂದು ದಿನದ ಚಕ್ಕಡಿ ಪ್ರಯಾಣದಲ್ಲಿ ಮೂರು ದೊರೆತನಗಳ ಗಡಿ ದಾಟಬೇಕಾಗಿದ್ದ ನಾಡು ಇದು. ರಾಜ್ಯಗಳು ಹರಿದು ಹಂಚಿದ್ದ ಈ ಜನವನ್ನು ಒಂದುಗೂಡಿಸಿದ್ದವು ಮಠಗಳು, ಜಾತ್ರೆಗಳು, ಹಾಡು, ಪುರಾಣ ಮತ್ತು ಬಯಲಾಟ. ಹಾಡುಗಾರನಿಗೆ ಗಡಿ ಅಡ್ಡಬರುತ್ತಿರಲಿಲ್ಲ.

ಕಲಿತು ಮುಗಿಸಿದ ಪಂಚಾಕ್ಷರಿ ಗವಾಯಿಗಳ ಎದುರಿಗೆ ಸುಖದ ದಾರಿಯೊಂದು ತೆರೆದಿತ್ತು. ಅವರಿಗಿದ್ದ ವಿದ್ಯೆಗೆ ಆಸ್ಥಾನಗಳ ಮನ್ನಣೆ, ಶ್ರೀಮಂತರ ಬೈಠಕ್ಕು, ಬಿದಾಗಿ ಒಂದೂ ದುರ್ಲಭವಾಗಿರಲಿಲ್ಲ. ಒಬ್ಬಂಟಿ ಬ್ರಹ್ಮಚಾರಿಗೆ ಬೇಕಾದುದೆಷ್ಟು? ಆದರೆ ಅವರು ಆರಿಸಿಕೊಂಡುದು ಮಕ್ಕಳನ್ನು. ತಮ್ಮಂತೆ ಕಣ್ಣಿಲ್ಲದವರು, ತಾಯಿ ಸತ್ತವರು, ತಂದೆ ಸಾಕಲಾರದವರು, ಇಂಥ ಮಕ್ಕಳನ್ನು ಜಾತಿ ಕೇಳದೆ ಸೇರಿಸಿಕೊಂಡು ಅನ್ನ ಹಾಕಿ ಸಂಗೀತ ಕಲಿಸತೊಡಗಿದರು. ಶುಲ್ಕವೆಂಬುದಿಲ್ಲ. ಹೀಗೆ ಕಾಡಶೆಟ್ಟಿಹಳ್ಳಿಯ ಮನೆಯ ಪ್ರಶ್ನೆ ನೂರ್ಮಡಿಯಾಗಿ ಅವರ ಬಳಿಗೆ ಮರಳಿ ಬಂದಿತು. ಅಲ್ಲಿ ಇಬ್ಬರು ಮಕ್ಕಳಿದ್ದರು. ಇಲ್ಲಿ ಒಂದು ಹಿಂಡೇ ಇತ್ತು. ಮಕ್ಕಳ ಬಳಿ ಇರುವವರಾರು, ದುಡಿದು ತರುವವರಾರು? ಕುಳಿತು ಕಲಿಸಿದರೆ ಕಣಜ ಬರಿದಾಗುವುದು. ಗಳಿಸಲು ಕಛೇರಿಗೆ ಹೋದರೆ ಮಕ್ಕಳು ಗುರುವಿಲ್ಲದೆ ಉಳಿಯುವುವು. ಕಣ್ಣಿದ್ದವನಿಗೂ ಬಿಡಿಸಲು ಬಾರದ ಕಗ್ಗಂಟು ಇದು.

ಗವಾಯಿಗಳು ಅದನ್ನು ಬಿಡಿಸಿದ ರೀತಿ ಸರಳವಾದದ್ದು, ದಿಟ್ಟವಾದದ್ದು. ಮಕ್ಕಳನ್ನು ಬಿಟ್ಟು ದುಡಿಯಲು ಹೋಗಬೇಕಾದ ಪ್ರಸಂಗವನ್ನೇ ಅವರು ಇಲ್ಲವಾಗಿಸಿದರು. ಶಾಲೆಯನ್ನೇ ದುಡಿಮೆಯ ಜೊತೆಗೆ ನಡೆಸಿದರು. ಸಂಚಾರೀ ಸಂಗೀತ ಪಾಠಶಾಲೆ ಎಂದು ನಾಡು ಅದನ್ನು ಬಲ್ಲುದು. ಗುರುವು ಎಲ್ಲಿ ಹಾಡುವನೋ ಶಿಷ್ಯರೂ ಅಲ್ಲಿಯೇ. ಗುರುವು ಎಲ್ಲಿ ತಂಗುವನೋ ಅಲ್ಲಿಯೇ ಬೆಳಗಿನ ಪಾಠ. ಊರವರು ಕೊಟ್ಟ ಕಾಳುಕಡಿ ಅಲ್ಲಿಯ ಒಲೆಗೆ ಏರುತ್ತಿತ್ತು. ಸಂಪಾದನೆಯ ಸ್ಥಳ, ಕಲಿಕೆಯ ಸ್ಥಳ, ಮನೆ ಇವು ಮೂರೂ ಒಂದೇ ಆದುವು. ಬೆಟಗೇರಿಯ ನೇಕಾರನು ಮನೆಯೊಳಗೇ ಮಗ್ಗ ಹೂಡಿ, ಲಾಳಿ ಎಸೆಯುತ್ತ ಒಂದು ಕಣ್ಣು ಕೂಸಿನ ಮೇಲಿಡುವಂತೆ, ಈ ತಂದೆ ತಂಬೂರಿ ಮೀಟುತ್ತ ಒಂದು ಕಿವಿಯನ್ನು ಮಕ್ಕಳ ಮೇಲಿಟ್ಟಿದ್ದರು.

ಈ ವ್ಯವಸ್ಥೆಯನ್ನು ಕೇವಲ ಬಡತನದ ಉಪಾಯವೆಂದು ತಿಳಿಯಲಾಗದು. ಅದರೊಳಗೊಂದು ಶಿಕ್ಷಣದ ತತ್ತ್ವವಿತ್ತು. ಅಂಧ ಬಾಲಕನಿಗೆ ಕಪ್ಪುಹಲಗೆಯ ಪ್ರಯೋಜನವಿಲ್ಲ; ಅವನು ಕಿವಿಯಿಂದ ಕಲಿಯಬೇಕು, ಕೈಯಿಂದ ತಡವಿ ಕಲಿಯಬೇಕು. ಹಾರ್ಮೋನಿಯಮ್ಮಿನ ಮನೆಗಳ ಮೇಲೆ ಬೆರಳಿಟ್ಟು, ತಬಲೆಯ ಕರಣೆಯ ಅಂಚನ್ನು ಮುಟ್ಟಿಸಿ, ಒಂದೊಂದೇ ಬೋಲನ್ನು ಬಾಯಿಂದ ಆಡಿಸಿ ಕೈಗೆ ತರಿಸಬೇಕು. ಇದಕ್ಕೆ ಗುರು ಸದಾ ಹತ್ತಿರವಿರಬೇಕು. ಗುರುವಿಗೂ ಕಣ್ಣಿಲ್ಲದಿದ್ದುದು ಇಲ್ಲಿ ಕೊರತೆಯಾಗದೆ ಅನುಕೂಲವೇ ಆಯಿತು. ಶಿಷ್ಯನು ಎಲ್ಲಿ ಎಡವುವನೆಂಬುದನ್ನು ತಾವೇ ಎಡವಿ ಬಲ್ಲವರು ಅವರು. ಎಲ್ಲರೂ ದೊಡ್ಡ ಗಾಯಕರಾಗಲಾರರು. ಆದರೆ ಪುರಾಣಕ್ಕೆ ಕೂಡ್ರುವವನು, ಕೀರ್ತನೆಗೆ ಸಾಥಿ ಕೊಡುವವನು, ನಾಟಕಕ್ಕೆ ಪೆಟ್ಟಿಗೆ ಬಾರಿಸುವವನು, ಶಾಲೆಯಲ್ಲಿ ಸಂಗೀತ ಹೇಳಿಕೊಡುವವನು ಆಗಬಲ್ಲರು. ಅಂಥವನು ತಾಯಿಯ ಮನೆಗೆ ಮರಳಿದಾಗ ಉಣ್ಣುವ ಬಾಯಾಗಿ ಬರುವುದಿಲ್ಲ, ತರುವ ಕೈಯಾಗಿ ಬರುತ್ತಾನೆ. ಒಬ್ಬ ಅಂಧನಿಗೆ ವಿದ್ಯೆ ದೊರೆತರೆ ಮನೆಯಲ್ಲಿ ಇಬ್ಬರು ದುಡಿಮೆಗೆ ಮರಳಿದಂತೆ: ಅವನೊಬ್ಬ, ಅವನಿಗಾಗಿ ಕೈಕಟ್ಟಿ ಕುಳಿತಿದ್ದವರೊಬ್ಬರು.

1930ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು ಲಿಂಗೈಕ್ಯರಾದರು. ಪಂಚಾಕ್ಷರಿ ಗವಾಯಿಗಳಿಗೆ ಅದು ಎರಡನೆಯ ತಬ್ಬಲಿತನ. ಇನ್ನು ಮೇಲೆ ಕೇಳಿದರೆ ಕೊಡುವ, ಬಿದ್ದರೆ ಎತ್ತುವ ಹಿರಿಯರಿಲ್ಲ. ಆಗ ಅವರಿಗೆ ಮೂವತ್ತೆಂಟು ವರ್ಷ. ಶಾಲೆಗೆ ಜಹಗೀರಿಲ್ಲ, ಸ್ಥಿರವಾದ ಉತ್ಪನ್ನವಿಲ್ಲ. ಮಳೆ ಬಂದ ವರ್ಷ ಭಕ್ತರ ಕೈ ಉದಾರ, ಬಾರದ ವರ್ಷ ಅವರೇ ಉಪವಾಸ. ಇಂಥ ಸ್ಥಿತಿಯಲ್ಲಿ ಮಕ್ಕಳನ್ನು ಅವರವರ ಊರಿಗೆ ಕಳಿಸಿಬಿಟ್ಟು ಹಗುರಾಗಿದ್ದರೆ ಲೋಕ ಅವರನ್ನು ದೂರುತ್ತಿರಲಿಲ್ಲ. ಆದರೆ ಕಳಿಸುವುದೆಲ್ಲಿಗೆ? ಅವರನ್ನು ಸಾಕಲಾರದ ಮನೆಗೇ ಅಲ್ಲವೆ? ಗವಾಯಿಗಳು ಶಾಲೆಯನ್ನು ಮುಚ್ಚಲಿಲ್ಲ.

ಆ ಮಕ್ಕಳಲ್ಲಿ ಒಬ್ಬನು ಪುಟ್ಟಯ್ಯ. ಹಾನಗಲ್ಲ ತಾಲೂಕಿನದೇ ಆದ ದೇವಗಿರಿಯಲ್ಲಿ 1914ರ ಮಾರ್ಚ್ 3ರಂದು ಹುಟ್ಟಿ, ಎಳವೆಯಲ್ಲಿ ಕಣ್ಣು ಕಳೆದುಕೊಂಡು, ಸೋದರಮಾವ ಚಂದ್ರಶೇಖರಯ್ಯನವರ ಆಸರೆಯಲ್ಲಿ ಬೆಳೆದ ಬಾಲಕ. ಮಾವನ ಹಾರ್ಮೋನಿಯಮ್ಮನ್ನು ತಾನಾಗಿ ನುಡಿಸುತ್ತಿದ್ದುದನ್ನು ಕಂಡು, ಮಾವನೇ ಅವನನ್ನು ಪಂಚಾಕ್ಷರಿ ಗವಾಯಿಗಳ ಬಳಿಗೆ ತಂದು ಬಿಟ್ಟರು. ಮಗುವಿನ ಕೈ ಎಲ್ಲಿ ಆಡುವುದೆಂಬುದನ್ನು ಹತ್ತಿರವಿದ್ದು ನೋಡಿದ ಹಿರಿಯನೊಬ್ಬನ ವಿವೇಕವಿದು. ಆ ಬಾಲಕನೇ ಮುಂದೆ ಪಂಡಿತ ಪುಟ್ಟರಾಜ ಗವಾಯಿಗಳಾದರು. ಗಾಯನವಲ್ಲದೆ ಸಾರಂಗಿ, ಪಿಟೀಲು, ತಬಲೆ, ಹಾರ್ಮೋನಿಯಮ್ಮು ಎಲ್ಲವೂ ಅವರಿಗೆ ಒಲಿದುವು. ಮಕ್ಕಳ ಅನ್ನಕ್ಕಾಗಿ ನಾಟಕ ಮಂಡಳಿಯನ್ನು ಕಟ್ಟಿದಾಗ ಅದಕ್ಕೆ ನಾಟಕಗಳನ್ನು ರಚಿಸಿಕೊಟ್ಟವರು ಅವರೇ. ಕಂಪನಿ ನಾಟಕವೆಂದರೆ ಮೂಗು ಮುರಿಯುವ ಮಡಿವಂತರು ಆ ಕಾಲದಲ್ಲಿ ಬಹಳವಿದ್ದರು. ಆಶ್ರಮದವರಿಗೆ ಮಾತ್ರ ಟಿಕೀಟಿನ ಹಣದಲ್ಲಿ ಮಕ್ಕಳ ರೊಟ್ಟಿ ಕಾಣುತ್ತಿತ್ತು. ಸಾಕುವ ತಂದೆಗೆ ಪ್ರಾಮಾಣಿಕವಾದ ಯಾವ ದುಡಿಮೆಯೂ ಹೀನವಲ್ಲ.

ಸಂಚಾರಕ್ಕೂ ಒಂದು ಮಿತಿಯುಂಟು. ಜ್ವರ ಬಂದ ಮಗುವನ್ನು ದಾರಿಯಲ್ಲಿ ಮಲಗಿಸಲಾಗದು. ಮಳೆಗಾಲದಲ್ಲಿ ಎರೆಮಣ್ಣಿನ ಹಾದಿ ಚಕ್ಕಡಿಯನ್ನೂ ನುಂಗುವುದು. ಕೊನೆಗೆ ಗದುಗಿನಲ್ಲಿ ಉದಾರಿಗಳ ನೆರವಿನಿಂದ ಆಶ್ರಮಕ್ಕೆ ನೆಲೆ ದೊರೆಯಿತು. ಅದೇ ವೀರೇಶ್ವರ ಪುಣ್ಯಾಶ್ರಮ. ಗದುಗು ಇದಕ್ಕೆ ತಕ್ಕ ಊರೇ ಆಗಿತ್ತು. ರೈಲುದಾರಿಗಳು ಕೂಡುವ ಠಾಣೆ, ಅರಳೆಯ ದೊಡ್ಡ ಪೇಟೆ, ಸುತ್ತ ಜೋಳ ಬೆಳೆಯುವ ಕರಿಯ ಭೂಮಿ, ತೋಂಟದಾರ್ಯ ಮಠದಂಥ ದಾಸೋಹದ ನೆಲೆ. ಮೇಲಾಗಿ, ಒಬ್ಬನ ಕಷ್ಟವನ್ನು ಹತ್ತು ಜನ ಹಂಚಿಕೊಳ್ಳುವ ಬುದ್ಧಿ ಈ ನೆಲಕ್ಕೆ ಹೊಸದಲ್ಲ. ಗದುಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರ ನೇತೃತ್ವದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಹುಟ್ಟಿತು. ಒಬ್ಬ ರೈತನ ಸಾಲದ ಹೊಣೆಯನ್ನು ಊರು ಹೊರಬಹುದಾದರೆ, ಒಬ್ಬ ತಾಯಿಯ ಅಂಧ ಮಗುವಿನ ಹೊಣೆಯನ್ನು ಸೀಮೆಯೇ ಹೊರಬಾರದೇಕೆ? ಆಶ್ರಮದ ಒಲೆ ಉರಿದುದು ಈ ನ್ಯಾಯದಿಂದಲೇ. ಒಬ್ಬೊಬ್ಬರ ಮನೆಯ ಸೇರು ಜೋಳ ಕೂಡಿ ನೂರು ಮಕ್ಕಳ ರೊಟ್ಟಿಯಾಗುತ್ತದೆ.

ಕಣ್ಣುಳ್ಳ ಶಿಷ್ಯರೂ ಗವಾಯಿಗಳ ಬಳಿಗೆ ಬಂದರು. ಕಿರಾಣಾ ಗ್ವಾಲಿಯರ ಶೈಲಿಗಳ ದೊಡ್ಡ ಗಾಯಕರೆಂದು ಖ್ಯಾತರಾದ ಯಲಿವಾಳದ ಬಸವರಾಜ ರಾಜಗುರುಗಳಿಗೆ ಮೊದಲ ಭದ್ರವಾದ ಬುನಾದಿ ಹಾಕಿದವರು ಇವರೇ. ಅರ್ಜುನಸಾ ನಾಕೋಡರೂ ಇವರ ಶಿಷ್ಯಪರಂಪರೆಯವರು. ಕಣ್ಣುಳ್ಳ ಹುಡುಗರು ಕಣ್ಣಿಲ್ಲದ ಹುಡುಗರೊಡನೆ ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ಶ್ರುತಿಗೆ ದನಿಗೂಡಿಸಿದರು. ಅಂಧರನ್ನು ಬೇರೆಯಾಗಿಟ್ಟು ಕಾಪಾಡುವ ಅನಾಥಾಲಯಕ್ಕೂ ಈ ಗುರುಕುಲಕ್ಕೂ ಇದ್ದ ವ್ಯತ್ಯಾಸ ಇದೇ. ಇಲ್ಲಿ ಕಣ್ಣಿಲ್ಲದವನು ಗುರುಪೀಠದಲ್ಲಿ ಕುಳಿತಿದ್ದನು; ಕಣ್ಣುಳ್ಳವನು ಕಾಲಿಗೆರಗಿ ಕಲಿಯುತ್ತಿದ್ದನು.

1944ರ ಜೂನ್ 11ರಂದು, ಐವತ್ತೆರಡನೆಯ ವಯಸ್ಸಿನಲ್ಲಿ, ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದರು. ಅವರ ಗದ್ದುಗೆ ಆಶ್ರಮದಲ್ಲಿದೆ. ಅವರು ಬಿಟ್ಟುಹೋದ ಆಸ್ತಿಯೆಂದರೆ ಮಕ್ಕಳು, ಆ ಮಕ್ಕಳ ನಾಳಿನ ಊಟದ ಚಿಂತೆ, ಮತ್ತು ಆ ಚಿಂತೆಯನ್ನು ಹೊರಬಲ್ಲ ಮೂವತ್ತು ವರ್ಷದ ಒಬ್ಬ ಶಿಷ್ಯ. ಪುಟ್ಟರಾಜ ಗವಾಯಿಗಳು 2010ರ ಸೆಪ್ಟೆಂಬರ್ 17ರಂದು ದೇಹ ಬಿಡುವವರೆಗೆ, ಅರವತ್ತಾರು ವರ್ಷ, ಆ ಭಾರವನ್ನು ಇಳಿಸಲಿಲ್ಲ. ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಗ್ರಂಥಗಳನ್ನು ರಚಿಸಿದರು. ಭಗವದ್ಗೀತೆಯನ್ನು ಬ್ರೈಲ್ ಲಿಪಿಗೆ ತಂದರು. ಭಕ್ತರು ಊರೂರುಗಳಲ್ಲಿ ಅವರ ತುಲಾಭಾರ ಮಾಡಿದರು. 2010ರಲ್ಲಿಯೇ ಪದ್ಮಭೂಷಣ ಪ್ರಶಸ್ತಿಯೂ ಬಂದಿತು. ಎಂ. ವೆಂಕಟೇಶಕುಮಾರರಂಥ ಗಾಯಕರು ಅವರ ಆಶ್ರಯದಲ್ಲಿ ರೂಪುಗೊಂಡರು. ಸಾಕಿದ ಮಗನೇ ಸಾಕುವ ತಂದೆಯಾದಾಗ ಮಾತ್ರ ಇಂಥ ಮನೆ ಉಳಿಯುತ್ತದೆ.

ಹೀಗೆಂದು, ಆಶ್ರಮವೊಂದಿದ್ದರೆ ಎಲ್ಲವೂ ಬಗೆಹರಿಯಿತೆಂದು ತಿಳಿಯುವುದು ತಪ್ಪಾದೀತು. ಅಂಗವಿಕಲತೆ ಕಣ್ಣಿನದೊಂದೇ ಅಲ್ಲ. ಹಾಡಲಾರದ, ನಡೆಯಲಾರದ, ತುತ್ತನ್ನು ತಾನೇ ಬಾಯಿಗಿಡಲಾರದ ಮಕ್ಕಳೂ ಇವೆ. ಅವರ ತಾಯಂದಿರು ಮನೆಯಲ್ಲಿಯೇ ಉಳಿಯುತ್ತಾರೆ. ವರ್ಷಗಳು ಉರುಳಿದ ಮೇಲೆ ಮತ್ತೆ ದುಡಿಮೆಗೆ ಹೊರಟರೆ, ಬಿಟ್ಟ ಕೆಲಸ ಅವರಿಗಾಗಿ ಕಾದಿರುವುದಿಲ್ಲ. 2024ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಹಿಮಾಚಲ ಪ್ರದೇಶದ ಸರಕಾರಿ ನೌಕರಿಯಲ್ಲಿದ್ದ ತಾಯಿಯೊಬ್ಬಳ ಪ್ರಕರಣದಲ್ಲಿ, ಅಂಗವಿಕಲ ಮಗುವಿನ ಪಾಲನೆಗೆ ರಜೆ ಕೊಡದಿದ್ದರೆ ತಾಯಿ ಉದ್ಯೋಗವನ್ನೇ ಬಿಡಬೇಕಾದೀತೆಂಬುದನ್ನು ಎತ್ತಿ ಹೇಳಿತು; ಸ್ತ್ರೀಯರು ದುಡಿಮೆಯಲ್ಲಿ ಪಾಲ್ಗೊಳ್ಳುವುದು ಯಾರ ಕೃಪೆಯೂ ಅಲ್ಲ, ಸಂವಿಧಾನವು ಕೊಟ್ಟ ಅಧಿಕಾರವೆಂದು ಸಾರಿತು. ಸ್ವಾಗತಾರ್ಹವಾದ ಮಾತು. ಆದರೆ ರಜೆ ಎಂಬುದು ಸಂಬಳದವರ ಸೌಲಭ್ಯ. ಶಿರಹಟ್ಟಿಯ ಹೊಲದಲ್ಲಿ ಶೇಂಗಾ ಕೀಳುವ ಕೂಲಿಯವಳಿಗೆ, ಮುಂಡರಗಿಯ ಸಂತೆಯಲ್ಲಿ ಕಾಯಿಪಲ್ಯ ಮಾರುವವಳಿಗೆ, ಬೆಟಗೇರಿಯಲ್ಲಿ ಕಂಡಿಕೆ ಸುತ್ತುವವಳಿಗೆ ರಜೆ ಕೊಡುವವರಾರು? ಅವಳು ಕೂಲಿಗೆ ಹೋದ ಹೊತ್ತಿನಲ್ಲಿ ಮಗುವಿನ ಬಳಿ ನೆಚ್ಚಿಕೆಯ ಒಂದು ಜೀವ ಬೇಕು. ಅದನ್ನು ಒದಗಿಸುವುದು ನೆರೆಹೊರೆಯ ಕೆಲಸ, ಊರಿನ ಕೆಲಸ, ಸರಕಾರದ ಕೆಲಸ.

ಪಂಚಾಕ್ಷರಿ ಗವಾಯಿಗಳು ಕಾನೂನು ಬಲ್ಲವರಲ್ಲ, ಸಮಾಜಶಾಸ್ತ್ರದ ಗ್ರಂಥ ಬರೆದವರೂ ಅಲ್ಲ. ಕಣ್ಣಿಲ್ಲದ ಮಗುವಿನ ಪೋಷಣೆ ಹೆತ್ತವರೊಬ್ಬರ ಪಾಲಿನ ಕರ್ಮವಲ್ಲ, ಹತ್ತು ಊರು ಹಂಚಿಕೊಳ್ಳಬೇಕಾದ ಋಣ ಎಂಬುದನ್ನು ಅವರು ಬಾಳಿ ತೋರಿಸಿದರು. ದುಡಿಮೆ ಮತ್ತು ಮಕ್ಕಳು ಎಂಬ ಎರಡರಲ್ಲಿ ಒಂದನ್ನು ಬಿಡೆಂದು ಲೋಕ ಹೇಳಿದಾಗ ಎರಡನ್ನೂ ಒಂದೇ ಹೆಗಲಿಗೆ ಏರಿಸಿಕೊಂಡು ನಡೆದರು. ಹೆಗಲು ಸೋತಾಗ ನಾಡಿನ ಹೆಗಲನ್ನು ಕೇಳಲು ನಾಚಲಿಲ್ಲ. ಅವರ ಪುಣ್ಯತಿಥಿಗೆ ಗದುಗಿನಲ್ಲಿ ಪ್ರತಿ ವರ್ಷ ಗಾಯಕರು ಸೇರಿ ಹಾಡುತ್ತಾರೆ. ಆ ಸೇವೆ ನಡೆಯಲಿ. ಅದರೊಡನೆ ನಮ್ಮ ನಮ್ಮ ಓಣಿಯಲ್ಲಿ ಮಗುವಿನ ಸಲುವಾಗಿ ಮನೆಯಲ್ಲಿ ಉಳಿದ ತಾಯಿಯೋ ತಂದೆಯೋ ಮತ್ತೆ ಕೆಲಸಕ್ಕೆ ಹೊರಟು ನಿಂತಿದ್ದರೆ, ಆ ಮಗುವಿನ ಕೈಯನ್ನು ಅಷ್ಟು ಹೊತ್ತು ಹಿಡಿದುಕೊಳ್ಳುವವರು ನಾವಾದರೆ, ಅದೂ ಅವರಿಗೆ ಸಲ್ಲುವ ಸೇವೆಯೇ.